ಎಲೆಸಾರದ ಪ್ರಯೋಗ ಮತ್ತು ಕುದುರೆಯ ಚಿಕಿತ್ಸೆ

ಮಾನ್ಯ ಸಂಪಾದಕರೇ,

ಗಿಡಗಳ ಎಲೆಸಾರವು ಕುದುರೆಗಳ ರೋಗಾಣುವನ್ನು ತಡೆಯುತ್ತದೆ ಎಂಬ ಸುದ್ದಿಯೊಂದನ್ನು ಓದಿದ ಗಂಗಾವತಿ ಕಡೆಯ ಕುದುರೆ ಸಾಕಣೆದಾರರೊಬ್ಬರು, ದವಡೆಯ ಕೆಳಗೆ ಬಾವು ಬಂದಿರುವ ತಮ್ಮ ಕುದುರೆಗೆ ಬೇವಿನ ಎಲೆ ಅರೆದು ಕುಡಿಸಬಹುದೇ ಎಂದು ಇತ್ತೀಚೆಗೆ ನನ್ನನ್ನು ಕೇಳಿದರು. ಸೂಕ್ಷ್ಮಜೀವಿಶಾಸ್ತ್ರ ಕಲಿಸುವವನಾಗಿ ಇಂಥ ಪ್ರಯೋಗಗಳ ಬಗ್ಗೆ ನನಗೆ ಗೌರವವಿದೆ. ಆದರೆ ಸುದ್ದಿಯಲ್ಲಿ ಬಿಟ್ಟುಹೋಗುವ ವಿವರಗಳೇ ಓದುಗರಿಗೆ ಹೆಚ್ಚು ಬೇಕಾದವು.

ದವಡೆಯ ಕೆಳಗೆ ಇಂಥ ಬಾವು ತರುವ ಸ್ಟ್ರ್ಯಾಂಗಲ್ಸ್ ರೋಗಕ್ಕೆ ಕಾರಣವಾದ ಸ್ಟ್ರೆಪ್ಟೊಕಾಕಸ್ ಈಕ್ವೈ ಎಂಬ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯಲು, ಪ್ರಯೋಗದ ತಟ್ಟೆಯಲ್ಲಿ ಹಾಕುವ ಅಗಾರ್ ಎಂಬ ಜೆಲ್ಲಿಯಂಥ ಮಾಧ್ಯಮಕ್ಕೆ ರಕ್ತ ಬೆರೆಸಬೇಕು. ತೊಡಕು ಇರುವುದು ಅಲ್ಲಿಯೇ. ಹಲವು ಗಿಡಗಳಲ್ಲಿರುವ ಸಪೋನಿನ್ ಎಂಬ ನೊರೆಯ ಅಂಶ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಹೀಗಾಗಿ ಮಾಧ್ಯಮದಲ್ಲಿ ಕೊರೆದು ಸಾರ ಹಾಕಿದ ಕುಳಿಯ ಸುತ್ತ, ಬ್ಯಾಕ್ಟೀರಿಯಾ ಬೆಳೆದಿಲ್ಲ ಎಂಬುದರ ಗುರುತೆಂದು ಎಣಿಸುವ ತಿಳಿಯಾದ ಉಂಗುರ ಕಂಡರೂ ಅಲ್ಲಿ ಬ್ಯಾಕ್ಟೀರಿಯಾ ಆರಾಮಾಗಿ ಬೆಳೆದಿರಬಹುದು. ಈ ಬ್ಯಾಕ್ಟೀರಿಯಾ ತಾನೂ ರಕ್ತವನ್ನು ಕರಗಿಸುವುದರಿಂದ ಗೊಂದಲ ಇಮ್ಮಡಿಯಾಗುತ್ತದೆ. ಅಳತೆಪಟ್ಟಿ ಹಿಡಿಯುವ ಮೊದಲು ಭೂತಗನ್ನಡಿ ಹಿಡಿಯಿರಿ ಎಂದು ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇದಕ್ಕಾಗಿಯೇ. ಎಲೆಯಿಂದ ಸಾರ ತೆಗೆಯಲು ಬಳಸುವ ಮೆಥನಾಲ್‌ನಂಥ ದ್ರಾವಕ ತಾನೇ ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲದಾದ್ದರಿಂದ, ಸಾರವಿಲ್ಲದ ಬರೀ ದ್ರಾವಕವನ್ನೂ ಈ ಬ್ಯಾಕ್ಟೀರಿಯಾವನ್ನು ತಡೆಯುತ್ತದೆಂದು ಮೊದಲೇ ಗೊತ್ತಿರುವ ಪೆನಿಸಿಲಿನ್ ಬಿಲ್ಲೆಯನ್ನೂ ಜೊತೆಗಿಟ್ಟು ಹೋಲಿಸಿದ್ದಾರೆಯೇ ಎಂಬುದು ವರದಿಯಲ್ಲಿ ಇರಬೇಕು. ಉಂಗುರದ ಅಗಲದಿಂದಲೂ ಸಾರದ ಬಲ ಪೂರ್ತಿ ತಿಳಿಯುವುದಿಲ್ಲ, ಏಕೆಂದರೆ ಎಲೆಗೆ ಒಗರು ರುಚಿ ಕೊಡುವ ಟ್ಯಾನಿನ್‌ನಂಥ ದೊಡ್ಡ ಅಣುಗಳು ಅಗಾರ್‌ನಲ್ಲಿ ನಿಧಾನವಾಗಿ ಹರಡುತ್ತವೆ. ಎಷ್ಟು ಕಡಿಮೆ ಪ್ರಮಾಣದಲ್ಲಿ ಬೆಳವಣಿಗೆ ನಿಲ್ಲುತ್ತದೆ ಎಂಬುದನ್ನು ದ್ರವ ಮಾಧ್ಯಮದಲ್ಲಿ ಸಾರವನ್ನು ಅರ್ಧರ್ಧ ತೆಳುಗೊಳಿಸುತ್ತ ನೋಡಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಅದು ಗಾಜಿನ ತಟ್ಟೆಯೊಳಗಿನ ಫಲಿತಾಂಶ. ಕುದುರೆಯ ದೊಡ್ಡ ಕರುಳಿನಲ್ಲಿ ಮೇವನ್ನು ಜೀರ್ಣಿಸುವುದು ಅಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು. ಬಾಯಿಂದ ಕೊಟ್ಟ ಕೆಲವು ಆ್ಯಂಟಿಬಯೋಟಿಕ್‌ಗಳೇ ಅವುಗಳ ಸಮತೋಲನ ಕೆಡಿಸಿ ಪ್ರಾಣಾಪಾಯದ ಭೇದಿ ತರುತ್ತವೆ. ಕುದುರೆ ವಾಂತಿ ಮಾಡಲಾರದು ಎಂಬುದನ್ನೂ ನೆನಪಿಡಬೇಕು. ಅಂಗಳದ ಕಣಗಿಲೆಯ ಕೆಲವೇ ಎಲೆಗಳು ಅದಕ್ಕೆ ಮಾರಕವಾಗಬಲ್ಲವು ಎಂಬುದನ್ನು ಬಲ್ಲವರು, ಎಲೆಯೆಂದರೆ ನಿರಪಾಯ ಎಂದುಕೊಳ್ಳಲಾರರು.

ಮೂಗಿನಿಂದ ಕೀವು ಸುರಿದರೆ ಅದು ಸ್ಟ್ರ್ಯಾಂಗಲ್ಸ್ ಆಗಿರಬಹುದು, ಮನುಷ್ಯರಿಗೂ ಹರಡುವ ಗ್ಲಾಂಡರ್ಸ್ ಕೂಡ ಆಗಿರಬಹುದು. ಎರಡನೆಯದು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕಾದ ರೋಗ. ಅದರ ರೋಗಾಣುವನ್ನು ಸಾಮಾನ್ಯ ಕಾಲೇಜು ಪ್ರಯೋಗಾಲಯದಲ್ಲಿ ಬೆಳೆಸಲೇಬಾರದು.

ನಮ್ಮ ಬಯಲಿನ ತಂಗಡಿ, ಲಕ್ಕಿ, ಬಂದರಿಕೆಗಳ ಮೇಲೆ ಪ್ರಯೋಗ ನಡೆಯಲಿ. ಆದರೆ ಅಂಥ ಸುದ್ದಿ ಪ್ರಕಟಿಸುವಾಗ ಹೋಲಿಕೆಗೆ ಏನಿಟ್ಟಿದ್ದರು, ಪ್ರಾಣಿಗೆ ಕೊಟ್ಟು ಪರೀಕ್ಷಿಸಲಾಗಿದೆಯೇ ಎಂಬ ಎರಡು ಸಾಲನ್ನು ತಾವು ಸೇರಿಸಬೇಕೆಂದು ಕೋರುತ್ತೇನೆ. ಆ ಸಾಕಣೆದಾರರಿಗೆ ನಾನು ಹೇಳಿದ್ದು ಇಷ್ಟೇ: ಕುದುರೆಯನ್ನು ಬೇರೆ ಕಟ್ಟಿ, ನೀರಿನ ಬಕೆಟ್ ಬೇರೆ ಇಡಿ, ಇವತ್ತೇ ಪಶುವೈದ್ಯರನ್ನು ಕರೆಸಿ.

– ಸೂಕ್ಷ್ಮಜೀವಿಶಾಸ್ತ್ರ ಅಧ್ಯಾಪಕ, ಕೊಪ್ಪಳ