ಅಮೃತಶಿಲೆಯನ್ನು ನೀರು ಅನ್ನಬೇಡ

ಪ್ರೀತಿಯ ತಮ್ಮನಿಗೆ,

ನಿನ್ನ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಜೊತೆಗಿಟ್ಟ ಚೀಟಿಯನ್ನು ಅದಕ್ಕಿಂತ ಜಾಸ್ತಿ ಸಲ ಓದಿದೆ. ಇನ್ನು ಬರೆಯುವುದೇ ಇಲ್ಲ ಅಂದಿದ್ದೀಯ. ಪ್ರಕಾಶಕರೊಬ್ಬರು ವಾಪಸ್ ಕಳಿಸಿದ್ದಕ್ಕೆ ಇಷ್ಟೊಂದು ಕುಗ್ಗಬೇಕಾ? ಕಾಗುಣಿತ, ಪುಟಗಳ ಲೆಕ್ಕ, ಮುನ್ನುಡಿ ಯಾರಿಂದ ಬರೆಸುವುದು, ಇದನ್ನೆಲ್ಲ ಬೇರೆ ಯಾರನ್ನಾದರೂ ಕೇಳು. ನನಗೆ ಹೇಳಲಿಕ್ಕಿರುವುದು ಒಂದೇ.

ಯಹೂದಿ ಅನುಭಾವದ ಬೇರು ಹುಡುಕುತ್ತಾ ನೀನು ಬೈಬಲಿನ ಪ್ರವಾದಿ ಯೆಹೆಜ್ಕೇಲನ ಹತ್ತಿರ ಹೋದದ್ದು ಸರಿಯಾಗಿದೆ. ಬ್ಯಾಬಿಲೋನಿಗೆ ಸೆರೆಹೋದ ಆತ ಕ್ರಿ.ಪೂ. 593ರ ಸುಮಾರಿಗೆ ಕೆಬಾರ್ ನದಿಯ ದಡದಲ್ಲಿ, ದೇವರ ರಥ ಅಂತ ಆಮೇಲಿನವರು ಕರೆದ ಆ ದರ್ಶನವನ್ನು ಕಂಡ. 'ದೇವರು ಸಿಂಹಾಸನದ ಮೇಲೆ ಕುಳಿತಿದ್ದ' ಅಂತ ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಅವನು ಹಾಗೆ ಬರೆಯಲಿಲ್ಲ ಮಾರಾಯ. ಸಿಂಹಾಸನದ ಹಾಗೆ ಏನೋ, ಅದರ ಮೇಲೆ ಮನುಷ್ಯನ ಹಾಗೆ ಏನೋ. ಹೆಜ್ಜೆ ಹೆಜ್ಜೆಗೂ ಒಂದು 'ಹಾಗೆ'. ಕಂಡದ್ದಕ್ಕಿಂತ ಒಂದು ಗುಲಗಂಜಿ ಹೆಚ್ಚು ಹೇಳಬಾರದು ಅನ್ನುವ ಭಯ ಅದು.

ಆಮೇಲೆ ಯಹೂದಿ ಅನುಭಾವಿಗಳ ಹಳೆಯ ಹೇಖಾಲೋತ್ ಬರಹಗಳು. ಹೇಖಾಲೋತ್ ಅಂದರೆ ಅರಮನೆಗಳು. ಸಾಧಕ ಏಳು ಅರಮನೆ ದಾಟಬೇಕು, ಬಾಗಿಲು ಕಾಯುವ ದೇವದೂತರಿಗೆ ಮುದ್ರೆ ತೋರಿಸಬೇಕು. ರಥ ಇರುವುದು ಮೇಲೆ. ಆದರೂ ಅಲ್ಲಿಗೆ ಹೋಗುವವರನ್ನು 'ರಥಕ್ಕೆ ಇಳಿಯುವವರು' ಅನ್ನುತ್ತಾರೆ. ಯಾಕೆ ಅಂತ ಪಂಡಿತರು ಇನ್ನೂ ಚರ್ಚಿಸುತ್ತಿದ್ದಾರೆ. ನೀನು ಸುಮ್ನೆ 'ಏರುವವರು' ಅಂತ ತಿದ್ದಿಬಿಟ್ಟೆ! ನನಗೆ ಸಿಟ್ಟು ಬಂದದ್ದು ಅಲ್ಲೇ.

ಯಹೂದಿಗಳ ಧರ್ಮಗ್ರಂಥ ತಾಲ್ಮುಡ್‌ನ ನಾಲ್ವರು ಪಂಡಿತರ ಕಥೆಯನ್ನು ಮಾತ್ರ ಎಷ್ಟು ಚೆನ್ನಾಗಿ ಬರೆದಿದ್ದೀಯ. ನಾಲ್ವರೂ ಪರ್ದೇಸ್ ಎಂಬ ತೋಟ ಹೊಕ್ಕರು. ಬೆನ್ ಅಜ್ಜೈ ಇಣುಕಿ ಸತ್ತ. ಬೆನ್ ಝೋಮಾನಿಗೆ ಪೆಟ್ಟು ಬಿತ್ತು. ಎಲಿಷಾ ಸಸಿಗಳನ್ನು ಕಡಿದ, ಅಂದರೆ ಧರ್ಮ ತೊರೆದ. ಅಕಿವಾ ಒಬ್ಬನೇ ಕ್ಷೇಮವಾಗಿ ಹೊರಬಂದ. ಆದರೆ ಅಕಿವಾ ಮೊದಲೇ ಕೊಟ್ಟ ಎಚ್ಚರಿಕೆಯನ್ನು ಬಿಟ್ಟಿದ್ದೀಯ: ಶುದ್ಧ ಅಮೃತಶಿಲೆಯ ಹತ್ತಿರ ಬಂದಾಗ 'ನೀರು, ನೀರು' ಅನ್ನಬೇಡಿ. ಮಯಸಭೆಯಲ್ಲಿ ನೆಲವನ್ನು ನೀರೆಂದುಕೊಂಡ ದುರ್ಯೋಧನನನ್ನು ನೋಡಿ ಜನ ನಕ್ಕರು, ಅಷ್ಟೇ. ಇಲ್ಲಿ ವಿಷಯ ಹಾಗಿಲ್ಲ. ಸುಳ್ಳಾಡುವವನು ನನ್ನ ಕಣ್ಣೆದುರು ನಿಲ್ಲಲಾರ ಅನ್ನುವ ಬೈಬಲಿನ ಕೀರ್ತನೆಯ ಸಾಲನ್ನೇ ಅಕಿವಾ ಕಾರಣವಾಗಿ ಕೊಡುತ್ತಾನೆ.

ನನ್ನ ಮೊದಲ ಪುಸ್ತಕದಲ್ಲಿ ಅಪ್ಪನ ಸಾವಿನ ಪುಟವೊಂದಿದೆ. ಕೊನೆಯ ಗಳಿಗೆಯಲ್ಲಿ ಅವರ ಕೈ ಹಿಡಿದು ಕೂತಿದ್ದೆ ಅಂತ ಬರೆದೆ. ನಿಜವಾಗಿ ನಾನು ಊರಲ್ಲೇ ಇರಲಿಲ್ಲ. ಹಿರಿಯ ವಿಮರ್ಶಕರೊಬ್ಬರು ಅದೇ ಪುಟವನ್ನು ಸಭೆಯಲ್ಲಿ ಓದಿ ಹೊಗಳಿದರು. ಜನ ಕಣ್ಣೊರೆಸಿಕೊಂಡರು. ಅಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದರು. ಆ ಪುಟದ ಬಗ್ಗೆ ಅವರು ಸಾಯುವವರೆಗೂ ಒಂದು ಮಾತಾಡಲಿಲ್ಲ.

'ಇಳಿಯುವವರು' ಅಂತಲೇ ವಾಪಸ್ ಬರೆ. ಯೆಹೆಜ್ಕೇಲನ ಆ 'ಹಾಗೆ'ಗಳನ್ನೂ ಅವನಿಗೆ ಹಿಂದಿರುಗಿಸು. ಆಮೇಲೆ ನನಗೆ ಅಂಚೆಯಲ್ಲೇ ಕಳಿಸು. ಫೋನಿನಲ್ಲಿ ಓದಲು ನನ್ನ ಕಣ್ಣಿಗೆ ಆಗುವುದಿಲ್ಲ.

ನಿನ್ನ,
ಅಣ್ಣ