ಮಲೆನಾಡಿನ ಸುದ್ದಿಗೂ ರೇಡಿಯೋದಲ್ಲಿ ಒಂದು ಟೈಮ್ ಇರ್ಲಿ

ಸಂಪಾದಕರಿಗೆ ನಮಸ್ಕಾರ,

ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಓದೋ ಹಾಗಿಲ್ಲ, ಬೇಕಾದ್ರೆ ಆಕಾಶವಾಣಿ ಬುಲೆಟಿನ್ನೇ ಇದ್ದ ಹಾಗೆ ಹಾಕ್ಬೋದು ಅಷ್ಟೆ, ಇದು ಸುಮಾರು ಜನಕ್ಕೆ ಗೊತ್ತಿಲ್ಲ. ಹಾಗಾಗಿ ರೇಡಿಯೋದಲ್ಲಿ ನಮ್ಮೂರ ಸುದ್ದಿ ಬಂದ್ರೆ ಆಕಾಶವಾಣಿಯಿಂದ್ಲೇ ಬರ್ಬೇಕು. ನಮಗೆ 1965ರಿಂದ ಭದ್ರಾವತಿ ಕೇಂದ್ರ ಇದೆ. ಪ್ರದೇಶ ಸಮಾಚಾರನೂ ಬರುತ್ತೆ, ಚೆನ್ನಾಗೇ ಓದ್ತಾರೆ, ಟೀವಿಯವರ ಥರ ಕಿರುಚಾಟ ಇಲ್ಲ, ಆದ್ರೆ 31 ಜಿಲ್ಲೆ ಸುದ್ದಿ ಕೆಲವೇ ನಿಮಿಷದಲ್ಲಿ ಮುಗೀಬೇಕು ಅಂದ್ರೆ ಹೊಸನಗರ, ಸೊರಬಕ್ಕೆ ಜಾಗ ಎಲ್ಲಿಂದ ಸಿಗ್ಬೇಕು ಹೇಳಿ. ಅದಕ್ಕೇ ಮಲೆನಾಡಿನ ಜಿಲ್ಲೆಗಳಿಗೆ ಅಂತಲೇ ದಿನಾ ಬೆಳಿಗ್ಗೆ ಐದು ನಿಮಿಷದ ಸುದ್ದಿ ಭದ್ರಾವತಿಯಿಂದ್ಲೇ ಓದ್ಲಿ ಅನ್ನೋದು ನನ್ನ ಬೇಡಿಕೆ.

ಆಗುಂಬೆ, ಹೊಸನಗರ ತಾಲೂಕಿನ ನಗರ ಅನ್ನೋ ಊರಿನ ಕಡೆ ಜುಲೈನಲ್ಲಿ ಕರೆಂಟ್ ಹೋಯ್ತು ಅಂದ್ರೆ ಸ್ವಲ್ಪ ಹೊತ್ತಿಗೆ ಟವರ್ ಬ್ಯಾಟರಿನೂ ಡೌನು, ಆಮೇಲೆ ವಾಟ್ಸಾಪೂ ಇಲ್ಲ ಎಂತದೂ ಇಲ್ಲ, ಎರಡು ಸೆಲ್ಲಿನ ರೇಡಿಯೋನೇ ಗತಿ. ಶಾಲೆಗೆ ರಜೆ ಕೊಟ್ರಾ, ಘಾಟಿಯಲ್ಲಿ ಗುಡ್ಡ ಜರಿದಿದ್ಯಾ, ಗಾಜನೂರು ಡ್ಯಾಮಿಂದ ಎಷ್ಟು ನೀರು ಬಿಟ್ರು, ಲಿಂಗನಮಕ್ಕಿ ಡ್ಯಾಂ ನೀರು ಎಷ್ಟಕ್ಕೆ ಬಂತು (ಭರ್ತಿ ಆಗೋಕೆ 1819 ಅಡಿ ಅಂತ ಇಲ್ಲಿನ ಮಕ್ಕಳಿಗೂ ಬಾಯಿಪಾಠ). ಎಫ್‌ಎಂ ಇದ್ಯಲ್ಲ ಅಂತಾರೆ, ಆದ್ರೆ ಎಫ್‌ಎಂಗೆ ಗುಡ್ಡ ಅಡ್ಡ ಬಂದ್ರೆ ಬರೀ ಬುಸ್ ಅನ್ನುತ್ತೆ, ಮೀಡಿಯಂ ವೇವ್ ನೆಲ ಹಿಡ್ಕೊಂಡು ಬರೋದ್ರಿಂದ ಕಣಿವೆ ಮನೆಗೂ ಕೇಳುತ್ತೆ, ದೇಶದಲ್ಲಿ ಅಂಥ ಟ್ರಾನ್ಸ್‌ಮಿಟರ್‌ಗಳನ್ನೇ ಒಂದೊಂದಾಗಿ ಮುಚ್ತಾ ಬಂದಿದಾರೆ. ಭದ್ರಾವತಿಯ 675 ಕಿಲೋಹರ್ಟ್ಜ್ ಮಾತ್ರ ಮುಟ್ಬೇಡಿ ಮಾರಾಯ್ರೆ.

ಇನ್ನು ಭಾಷಣ, ಸಂದರ್ಶನದ ವಿಷಯ. ಸಚಿವರು ಬಂದು ಅರ್ಧ ಗಂಟೆ ಮಾತಾಡಿದ್ದು ಸುದ್ದಿಯಲ್ಲಿ "ಕರೆ ನೀಡಿದರು" ಅಂತ ಒಂದು ಲೈನ್ ಆಗುತ್ತೆ, ಅದ್ರಿಂದ ಕೇಳೋರಿಗೆ ಏನೂ ತಿಳಿಯಲ್ಲ. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ (ಕೆಳಗಿನ ಡ್ಯಾಮಿನ ನೀರನ್ನ ಮೇಲಕ್ಕೆ ಪಂಪ್ ಮಾಡಿ, ಬೇಕಾದಾಗ ಬಿಟ್ಟು ಕರೆಂಟ್ ತೆಗೆಯೋದು) ತಗೊಳ್ಳಿ, ಬೇಕು ಅನ್ನೋ ಇಂಜಿನಿಯರನ್ನೂ ಬೇಡ ಅನ್ನೋ ಊರಿನವರನ್ನೂ ಎದುರುಬದುರು ಕೂರಿಸಿ ಅರ್ಧ ಗಂಟೆ ಮಾತಾಡಿಸ್ಲಿ, ಮಧ್ಯ ಕತ್ತರಿ ಹಾಕ್ದೆ. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾದದ್ದು, ಇವತ್ತಿಗೂ ಬೇಸಿಗೆ ಹತ್ರ ಬಂದ್ರೆ ತರಗೆಲೆ ತರೋಕೆ ಕಾಡಿಗೆ ಹೋಗೋರಿಗೆ ಭಯ, ಅಲ್ಲಿ ಡಾಕ್ಟ್ರ ಜೊತೆ ಕಾಯಿಲೆ ಬಂದು ವಾಸಿಯಾದ ಹೆಂಗಸರನ್ನೂ ಮಾತಾಡಿಸಿದ್ರೆ ಜನ ಕಿವಿಗೊಟ್ಟು ಕೇಳ್ತಾರೆ. ಅಡಿಕೆ ಸುಲಿಯೋ ಕಾಲದಲ್ಲಿ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತೋರಿಗೆ ಕೈ ಬಿಡುವಿಲ್ಲ ಹೊರತು ಕಿವಿ ಖಾಲಿನೇ ಇರುತ್ತೆ, ಸಂದರ್ಶನ ಹಾಕೋಕೆ ಇದಕ್ಕಿಂತ ಒಳ್ಳೆ ಟೈಮ್ ಯಾವ್ದು.

ಸಾಗರ ತಾಲೂಕಲ್ಲಿ ಗೇಣಿ ರೈತರು ಭೂಮಾಲೀಕರ ವಿರುದ್ಧ ಮಾಡಿದ ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ. ಆಗ ಹುಡುಗರಾಗಿ ಕಣ್ಣಾರೆ ನೋಡಿದೋರಿಗೆ ಈಗ ಎಂಬತ್ತು ದಾಟಿದೆ. ಅವರ ಮಾತು ರೆಕಾರ್ಡ್ ಮಾಡೋದಿದ್ರೆ ಮುಂದಿನ ವರ್ಷದ ಬಜೆಟ್ಟಿಗೆ ಕಾಯೋದು ಬೇಡ, ಈ ಮಳೆಗಾಲ ಮುಗಿದ ಕೂಡ್ಲೇ ಸಾಗರ ಕಡೆಗೆ ಒಬ್ರನ್ನ ಕಳಿಸಿ.

ಇಂತಿ,
ಒಬ್ಬ ರೇಡಿಯೋ ಕೇಳುಗ
ತೀರ್ಥಹಳ್ಳಿ ತಾಲೂಕು