ಅಳಿಯನೂ ಬರಲಿ ಬಾಣಂತನಕ್ಕೆ

ಬ್ರಿಟನ್ನಿನ ನಮ್ಮ ಕನ್ನಡ ಸಂಘದ ಆತ್ಮೀಯ ಓದುಗರೇ,

ನನ್ನ ಚಿಕ್ಕಮ್ಮನ ಮಗಳಿಗೆ ಈಗ ಏಳು ತಿಂಗಳು ತುಂಬಿದೆ. ಅವಳ ತವರು ಹಾಸನ. ಮದುವೆಯಾಗಿ ಹೋಗಿದ್ದು ಮೂಡಿಗೆರೆ ಕಡೆಯ ಒಂದು ತೋಟದ ಮನೆಗೆ. ಚೊಚ್ಚಲ ಹೆರಿಗೆ ಆದ್ದರಿಂದ ತವರಿಗೆ ಕರೆದುಕೊಂಡು ಬರುವುದು ಅಂತ ಎಲ್ಲರ ಮನಸ್ಸಲ್ಲೂ ಮೊದಲಿನಿಂದಲೇ ಇತ್ತು. ಆದರೆ ಈ ಸಲ ಅವಳ ಜೊತೆ ಗಂಡನೂ ಹಾಸನಕ್ಕೆ ಬಂದು ಇರುತ್ತಾರಂತೆ. ಹೆರಿಗೆಗೆ ಒಂದು ತಿಂಗಳು ಮುಂಚೆ ಬಂದು, ಮಗುವಿಗೆ ಮೂರು ತಿಂಗಳು ತುಂಬುವವರೆಗೂ ಅಲ್ಲೇ. ತೋಟದ ಕೆಲಸವನ್ನು ಅವರ ಅಣ್ಣ ನೋಡಿಕೊಳ್ಳಲು ಒಪ್ಪಿದ್ದಾರೆ.

ಈ ಸುದ್ದಿ ಕೇಳಿ ಮನೆಯಲ್ಲಿ ಒಂದಷ್ಟು ದಿನ ಗುಸುಗುಸು ನಡೆಯಿತು. ಅಳಿಯ ಅಂದರೆ ಹಬ್ಬಕ್ಕೆ ಬರಬೇಕು, ಉಂಡು ಹೊರಡಬೇಕು. ಮಾವನ ಮನೆಯಲ್ಲೇ ಬಿಡಾರ ಹೂಡಿದರೆ ಜನ ಏನಂತಾರೆ ಅಂತ ಹುಡುಗನ ತಾಯಿಗೆ ಸಂಕೋಚ. ಬಾಣಂತಿ ಕೋಣೆ ಹತ್ತಿರ ಗಂಡಸರು ಓಡಾಡಿಕೊಂಡಿದ್ದರೆ ಹೇಗೆ ಅಂತ ನಮ್ಮ ಕಡೆಯ ಹಿರಿಯರೊಬ್ಬರ ಪ್ರಶ್ನೆ. ಚಿಕ್ಕಪ್ಪ ಮಾತ್ರ, 'ಬರ್ಲಿ ಬಿಡಿ, ಮೇಲಿನ ರೂಮು ಖಾಲಿ ಇದೆ' ಅಂದುಬಿಟ್ಟರು. ಆ ಒಂದು ಮಾತಿಗೆ ಅವರಿಗೆ ಎಷ್ಟು ನಮಸ್ಕಾರ ಮಾಡಿದರೂ ಕಡಿಮೆಯೇ.

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅನ್ನುವ ಪದ್ಧತಿಯನ್ನು ನಾನು ಹಳಿಯುತ್ತಿಲ್ಲ. ಹುಟ್ಟಿದ ಮನೆಯಲ್ಲಿ ಹೆಣ್ಣುಮಗಳು ಹಗಲಲ್ಲೂ ಕಾಲು ಚಾಚಿ ಮಲಗಬಹುದು. ಸೊಂಟ ನೋಯುತ್ತಿದೆ ಅಂತ ಅಮ್ಮನ ಹತ್ತಿರ ನಾಚಿಕೆ ಇಲ್ಲದೆ ಹೇಳಬಹುದು. ಮಲೆನಾಡಿನಲ್ಲಿ ಇನ್ನೊಂದು ಕಾರಣವೂ ಇದೆ, ಮಳೆ. ಇವಳಿಗೆ ಡಾಕ್ಟರು ಕೊಟ್ಟಿರುವ ತಾರೀಕು ಆಗಸ್ಟ್ ಕೊನೆಯದು. ಆ ಹೊತ್ತಿಗೆ ತೋಟದ ರಸ್ತೆಯಲ್ಲಿ ಯಾವ ಮರ ಯಾವಾಗ ಬೀಳುತ್ತದೋ ಹೇಳಲಾಗದು. ಕರೆಂಟು ಹೋದರೆ ದಿನಗಟ್ಟಲೆ ಇಲ್ಲ. ಅದರ ಹಿಂದೆಯೇ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು ಮಂಗಳೂರಿನ ಕಡೆಯ ದಾರಿಯೇ ಮುಚ್ಚಿಹೋಗಿದ್ದನ್ನು ಆ ಕಡೆಯವರು ಯಾರೂ ಮರೆತಿಲ್ಲ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ, ನಿಜ. ಆದರೆ ಫೋನ್ ಹೋಗಬೇಕಲ್ಲ! ತಂಗಿಯ ಗಂಡ ಏಪ್ರಿಲ್‌ನಿಂದಲೇ ಜೀಪಿನಲ್ಲಿ ಕತ್ತಿ, ಗರಗಸ, ಹಗ್ಗ ಇಟ್ಟುಕೊಂಡು ಓಡಾಡುತ್ತಿದ್ದಾರೆ. ಬೇಲೂರಿನ ಮೇಲೆ ಹಾಸನ ತಲುಪಿ, ಆಸ್ಪತ್ರೆಗೆ ಹತ್ತಿರವಿರುವ ಮನೆಯಲ್ಲಿ ಉಳಿಯುವುದೇ ಕ್ಷೇಮ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಈ ಪದ್ಧತಿಯಲ್ಲಿ ಗಂಡ ಎಲ್ಲಿದ್ದಾನೆ? ಸೀಮಂತದ ದಿನ ಹೆಂಡತಿಯ ಪಕ್ಕದಲ್ಲಿ ಕೂರುತ್ತಾನೆ. ಆಮೇಲೆ ಭಾನುವಾರಗಳಲ್ಲಿ ಹಣ್ಣು ಹಿಡಿದುಕೊಂಡು ಬಂದು ಹೋಗುತ್ತಾನೆ. ಹೆರಿಗೆಯಾಯಿತು ಅಂತ ಫೋನ್ ಬರುತ್ತದೆ. ಓಡಿ ಬಂದರೆ, ಸ್ನಾನವಾಗಿ ಬಟ್ಟೆ ಸುತ್ತಿದ ಮಗುವನ್ನು ಎರಡು ನಿಮಿಷ ತೋರಿಸುತ್ತಾರೆ. ಐದನೇ ತಿಂಗಳಲ್ಲಿ ತಾಯಿ ಮಗು ಮನೆಗೆ ಬಂದಾಗ ಕೂಸು ಅಪ್ಪನ ಮುಖ ನೋಡಿ ಅಳುತ್ತದೆ. ಎಲ್ಲರೂ ನಗುತ್ತಾರೆ. ನನಗೆ ಅಲ್ಲಿ ನಗು ಬರುವುದಿಲ್ಲ. ರಾತ್ರಿಯಿಡೀ ಮಗು ಅತ್ತಾಗ ಹೆಂಡತಿ ಹೇಗೆ ಸೋತುಹೋದಳು, ಮೊದಲ ವಾರ ಹಾಲು ಕುಡಿಸಲು ಎಷ್ಟು ಒದ್ದಾಡಿದಳು ಅನ್ನುವುದನ್ನು ಅವನು ನೋಡಿಯೇ ಇರುವುದಿಲ್ಲ. ನೋಡದೆ ಇದ್ದದ್ದು ಅರ್ಥವಾಗುವುದೂ ಕಷ್ಟ, ಅಲ್ವಾ?

ಈ ಇಬ್ಬರೂ ಆ ತೀರ್ಮಾನಕ್ಕೆ ಬಂದಿದ್ದು ಒಂದೇ ದಿನದಲ್ಲಲ್ಲ. ತಂಗಿಗೆ ವಾಂತಿ, ಸಂಕಟ ಶುರುವಾದದ್ದು ಕಾಫಿ ಕೊಯ್ಲಿನ ನಡುವೆ. ಕಣದ ತುಂಬ ಹಣ್ಣು, ಪಲ್ಪರ್‌ನಿಂದ ಬಿದ್ದ ಸಿಪ್ಪೆಯ ಹುಳಿ ವಾಸನೆ ಮನೆಯೊಳಗೂ. ಅವಳಿಗೆ ತಡೆಯಲಾಗುತ್ತಿರಲಿಲ್ಲ. ಕಾಫಿ ಬೆಳೆಯುವ ಮನೆಯಲ್ಲಿ ಕಾಫಿ ಲೋಟ ಕಂಡರೆ ಎದ್ದು ಹೋಗುವ ಸ್ಥಿತಿ. ಗಂಡ ತಮ್ಮ ಕಾಫಿಯನ್ನು ತೋಟದ ಕೆಲಸಗಾರರ ಲೈನ್ ಮನೆ ಕಡೆ ಹೋಗಿ ಕುಡಿದು ಬರತೊಡಗಿದರು. ಒಗ್ಗರಣೆ ವಾಸನೆಯೂ ಆಗದು ಅಂದಾಗ, ಒಗ್ಗರಣೆ ಇಲ್ಲದ ತಿಳಿಸಾರು, ಮೆತ್ತನೆಯ ಅನ್ನ, ನೀರುದೋಸೆ ಮಾಡಲು ಕಲಿತರು. ಅತ್ತೆ ಮೊದಲು ಮುಖ ಸಣ್ಣ ಮಾಡಿಕೊಂಡರಂತೆ. ಆಮೇಲೆ ಅವರೇ ಮಗನಿಗೆ ಕಾವಲಿ ಎಷ್ಟು ಕಾಯಬೇಕು ಅಂತ ಹೇಳಿಕೊಟ್ಟರು.

ತಿಂಗಳು ತಿಂಗಳ ತಪಾಸಣೆಗೂ ಅವರೇ ಜೊತೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. 2016ರಿಂದ ನಡೆಯುತ್ತಿರುವ ಕಾರ್ಯಕ್ರಮ ಅದು. ಆಶಾ ಕಾರ್ಯಕರ್ತೆ ಬಂದು ನೆನಪಿಸಿ ಹೋಗುತ್ತಾರೆ. ತಾಯಿ ಕಾರ್ಡ್ ಇರುವುದು ಗಂಡನ ಜೇಬಿನಲ್ಲಿ. ತೂಕ ಎಷ್ಟು, ಬಿಪಿ ಎಷ್ಟು, ಹಿಮೋಗ್ಲೋಬಿನ್ ಎಷ್ಟು ಅಂತ ಕೇಳಿದರೆ ಬಾಯಿಪಾಠ ಒಪ್ಪಿಸುತ್ತಾರೆ. ನಾಲ್ಕನೇ ತಿಂಗಳ ಹೊತ್ತಿಗೆ ಸಂಕಟ ಇಳಿದು ತಂಗಿಗೆ ಮತ್ತೆ ಕಾಫಿ ಆಸೆ ಹತ್ತಿತು. ಆಗ ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಬಾರದು, ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ ಅಂತ ನರ್ಸ್ ಹೇಳಿದ್ದನ್ನು ನೆನಪಿಟ್ಟುಕೊಂಡವರು ಅವರೇ. ಈಗ ಮಾತ್ರೆ ರಾತ್ರಿ, ನಿಂಬೆಹಣ್ಣಿನ ಪಾನಕದ ಜೊತೆ. ಕಾಫಿ ಬೆಳಿಗ್ಗೆ ಒಂದೇ ಲೋಟ, ಅದೂ ಅರೇಬಿಕಾ ಪುಡಿಯದ್ದು. ರೊಬಸ್ಟಾದಲ್ಲಿ ಕೆಫೀನ್ ಸುಮಾರು ಎರಡರಷ್ಟು ಇರುತ್ತದೆ. ನಮ್ಮಲ್ಲಿ ಎಷ್ಟೋ ಗಂಡಂದಿರು ಆಸ್ಪತ್ರೆಯ ಹೊರಗೆ ಗಾಡಿಯಲ್ಲೇ ಕೂತಿರುತ್ತಾರೆ. ಒಳಗೆ ಹೋಗಿ ಕೂತವರಿಗೆ ಇಂಥ ಮಾತುಗಳು ಕಿವಿಗೆ ಬೀಳುತ್ತವೆ.

ಸೀಮಂತ ಈ ತಿಂಗಳು ಚೆನ್ನಾಗಿ ನಡೆಯಿತು. ಹಸಿರು ಬಳೆ, ಮೊಗ್ಗಿನ ಜಡೆ, ಮಡಿಲು ತುಂಬುವುದು, ಎಲ್ಲ ಫೋಟೋದಲ್ಲಿ ನೋಡಿದೆ.

ಒಂದು ಮಾತು ಮಾತ್ರ ಕಿರಿಕಿರಿಯಾಯಿತು. ಗಂಡೋ ಹೆಣ್ಣೋ ಅಂತ ಹೊಟ್ಟೆಯ ಆಕಾರ ನೋಡಿ ಹೇಳುವವರು ಅಲ್ಲಿಯೂ ಇದ್ದರು. ಭ್ರೂಣದ ಲಿಂಗ ಪತ್ತೆಯನ್ನು ಭಾರತದಲ್ಲಿ 1994ರ ಕಾನೂನು ನಿಷೇಧಿಸಿದೆ. ಪ್ರತಿ ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲೂ ಆ ಬೋರ್ಡು ಇದೆ. ಇಲ್ಲಿ ಬ್ರಿಟನ್ನಿನಲ್ಲಿ ಇಪ್ಪತ್ತನೇ ವಾರದ ಸ್ಕ್ಯಾನಿನಲ್ಲಿ ಕೇಳಿದರೆ ಸಾಮಾನ್ಯವಾಗಿ ಹೇಳುತ್ತಾರೆ. ಅದಕ್ಕೇ ಊರಿನಿಂದ ನಮ್ಮ ಹುಡುಗ ಹುಡುಗಿಯರಿಗೆ 'ಗೊತ್ತಾಯ್ತಾ?' ಅಂತ ಫೋನ್ ಬರುತ್ತದೆ. ಗೊತ್ತಿದ್ದರೂ ನಿಮ್ಮಿಬ್ಬರಲ್ಲೇ ಇಟ್ಟುಕೊಳ್ಳಿ ಎಂದು ನನ್ನ ಬೇಡಿಕೆ. ಹುಟ್ಟುವ ಮೊದಲೇ ಆ ಮಗುವಿನ ಬಗ್ಗೆ ಯಾರೂ ನಿಟ್ಟುಸಿರು ಬಿಡುವುದು ಬೇಡ. ಹಾಗೆಯೇ ಕೇಸರಿ ಹಾಲು. ರುಚಿಗೆ ಕುಡಿಯಲಿ, ಸಂತೋಷ. ಅದರಿಂದ ಮಗುವಿನ ಬಣ್ಣ ಬದಲಾಗುವುದಿಲ್ಲ. ಬದಲಾಗಬೇಕಾಗಿಯೂ ಇಲ್ಲ.

ಹೆರಿಗೆ ಕೋಣೆಯ ವಿಷಯದಲ್ಲಿ ಮಾತ್ರ ತಂಗಿಗೆ ಬೇಸರವಿದೆ. ಅವರು ತೋರಿಸುತ್ತಿರುವ ಆಸ್ಪತ್ರೆಯಲ್ಲಿ ಗಂಡನನ್ನು ಒಳಗೆ ಬಿಡುವುದಿಲ್ಲ. ಹೆರಿಗೆಯ ಹೊತ್ತಿನಲ್ಲಿ ಬಸುರಿ ಯಾರು ಬೇಕು ಅನ್ನುತ್ತಾಳೋ ಅವರು ಜೊತೆಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಪರದೆಯಷ್ಟೇ ಅಡ್ಡ ಇರುವ, ಹಲವರು ಒಟ್ಟಿಗೆ ಇರುವ ವಾರ್ಡುಗಳಲ್ಲಿ ಉಳಿದ ಹೆಂಗಸರ ಮಾನವೂ ಮುಖ್ಯ, ಒಪ್ಪುತ್ತೇನೆ. ಚಿಕ್ಕಮ್ಮ ಒಳಗಿರುತ್ತಾರೆ. ಗಂಡ ಬಾಗಿಲ ಹೊರಗಿರುತ್ತಾರೆ. ಮೂಡಿಗೆರೆಯಲ್ಲಿ ಫೋನಿಗೆ ಕಾಯುವುದಕ್ಕಿಂತ ಅದು ಎಷ್ಟೋ ಮೇಲು.

ರಜೆಯ ಮಾತಿಗೆ ಬಂದರೆ, ತಂಗಿ ಖಾಸಗಿ ಶಾಲೆಯ ಟೀಚರ್. ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದಾಗಿ ಸಂಬಳದ ಜೊತೆ 26 ವಾರ ರಜೆ ಇದೆ. ಅದರಲ್ಲಿ ಹೆರಿಗೆಗೆ ಮುಂಚೆ ಎಂಟು ವಾರದವರೆಗೆ ತೆಗೆದುಕೊಳ್ಳಬಹುದು. ಅಲ್ಲಿ ಅಪ್ಪನಾಗುವವನಿಗೆ, ಕೇಂದ್ರ ಸರ್ಕಾರದ ನೌಕರನಾದರೆ 15 ದಿನ. ಖಾಸಗಿ ಕೆಲಸದಲ್ಲಿದ್ದರೆ ಕಾನೂನಿನ ಪ್ರಕಾರ ಏನೂ ಇಲ್ಲ. ಇಲ್ಲಿ ಎರಡು ವಾರ. ಎರಡೂ ಕಡೆ ಸಾಲದು.

ಇನ್ನು ಬ್ರಿಟನ್ನಿನ ನಮ್ಮ ಈ ಊರಿನ ಕನ್ನಡದ ಮನೆಗಳು. ಇಲ್ಲಿ ಕಷ್ಟ ಉಲ್ಟಾ. ಗಂಡ ಜೊತೆಗಿರುತ್ತಾನೆ, ಹೆರಿಗೆ ಕೋಣೆಯಲ್ಲೂ ಕೈ ಹಿಡಿದು ನಿಂತಿರುತ್ತಾನೆ. ಆದರೆ ಅವರಿಬ್ಬರನ್ನು ಬಿಟ್ಟರೆ ಯಾರೂ ಇಲ್ಲ. ಏಳು ತಿಂಗಳು ದಾಟಿದ ಮೇಲೆ ವಿಮಾನ ಹತ್ತಲು ಡಾಕ್ಟರ ಪತ್ರ ಕೇಳುತ್ತಾರೆ. ಎಂಟು ತುಂಬಿದ ಮೇಲೆ ಹತ್ತಿಸಿಕೊಳ್ಳುವುದೇ ಕಷ್ಟ. ಹಾಗಾಗಿ ಊರಿನಿಂದ ಅಮ್ಮ ಬರುತ್ತಾರೆ, ವಿಸಿಟರ್ ವೀಸಾದಲ್ಲಿ ಹೆಚ್ಚೆಂದರೆ ಆರು ತಿಂಗಳು. ಕೆಲವರಿಗೆ ವೀಸಾ ಸಿಗುವುದಿಲ್ಲ, ಕೆಲವರಿಗೆ ಆರೋಗ್ಯ ಸರಿಯಿರುವುದಿಲ್ಲ.

ಬರುವ ಅಮ್ಮಂದಿರಿಗೆ, ಅತ್ತೆಯಂದಿರಿಗೆ ನನ್ನದೊಂದು ವಿನಂತಿ. ಅಂಟಿನ ಉಂಡೆ ತನ್ನಿ, ಬಜೆ ತನ್ನಿ, ಹಳೆಯ ಮೆತ್ತನೆಯ ಸೀರೆ ಖಂಡಿತ ತನ್ನಿ. ಬಜೆಯನ್ನು ಕೂಸಿನ ಬಾಯಿಗೆ ಹಾಕುವ ಮೊದಲು ಇಲ್ಲಿನ ನರ್ಸನ್ನು ಕೇಳಿ. ಅಳಿಯ ಮಗುವನ್ನು ಎತ್ತಿಕೊಂಡರೆ 'ನಿಂಗೆ ಬರಲ್ಲ, ಕೊಡಪ್ಪ' ಅಂತ ಇಸಿದುಕೊಳ್ಳಬೇಡಿ. ಕತ್ತಿನ ಕೆಳಗೆ ಕೈ ಹೇಗೆ ಕೊಡಬೇಕು ಅಂತ ತೋರಿಸಿ, ಪಕ್ಕದಲ್ಲಿ ನಿಲ್ಲಿ. ನೀವು ವಿಮಾನ ಹತ್ತಿದ ಮೇಲೆ ರಾತ್ರಿ ಎರಡು ಗಂಟೆಗೆ ಏಳುವವರು ಅವರಿಬ್ಬರೇ.

ಅಮ್ಮ ಬರಲಾಗದ ಮನೆಗಳಿಗೆ ನಮ್ಮ ಸಂಘ ತವರಾಗಬೇಕು ಅಂತ ಸಮಿತಿಯಲ್ಲಿ ಮಾತಾಗಿದೆ. ಹೆರಿಗೆಯಾದ ಮೊದಲ ತಿಂಗಳು ಸರದಿ ಪ್ರಕಾರ ಊಟ ತಲುಪಿಸುವುದು: ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಹಾಕಿದ ತೊವ್ವೆ, ಬಿಸಿ ಅನ್ನ. ಮಾಂಸ ತಿನ್ನುವ ಮನೆಯಾದರೆ ನಾಟಿಕೋಳಿ ಸಾರು. ತಂದವರು ಬಾಗಿಲಲ್ಲೇ ಕೊಟ್ಟು ಹೊರಡಬೇಕು, ಕೂತು ಸಲಹೆ ಕೊಡುವಂತಿಲ್ಲ. ಅಡುಗೆ ಮಾಡಲು ಗಂಡಸರೂ ಹೆಸರು ಕೊಡಬೇಕು. ಮಗು ನಿರೀಕ್ಷಿಸುತ್ತಿರುವ ದಂಪತಿಗಳು ಸಂಕೋಚ ಬಿಟ್ಟು ಸಮಿತಿಯ ಯಾರಿಗಾದರೂ ಒಂದು ಮಾತು ಹೇಳಿ. ಆಗದ ಪದಾರ್ಥ, ಖಾರ ಎಷ್ಟು, ಯಾವ ಹೊತ್ತಿಗೆ ಬಂದರೆ ಅನುಕೂಲ, ಇಷ್ಟು ಬರೆದು ಕಳಿಸಿದರೆ ಸಾಕು. ಮೊದಲ ಸರದಿ ಜುಲೈನಲ್ಲಿ ಶುರುವಾಗಲಿದೆ, ಇನ್ನೂ ನಾಲ್ಕು ಮನೆಗಳು ಬೇಕಾಗಿವೆ.